ಚಕ್ರದ ಮನೆಯಲ್ಲಿ ಸರೋವರಗಳ ನಾಡಿಗೆ

ಹೆಲ್ಸಿಂಕಿಯಲ್ಲಿರುವ ಮಗಳೋ ಮಗನೋ ಫೋನು ಮಾಡಿ, "ಅಮ್ಮಾ, ಈ ಬೇಸಿಗೆಗೆ ನೀವಿಬ್ಬರೂ ಬನ್ನಿ. ಹೋಟೆಲು ಗೀಟೆಲು ಬೇಡ, ಒಂದು ಕ್ಯಾಂಪರ್ ವ್ಯಾನ್ ಬಾಡಿಗೆಗೆ ಹಿಡಿದು ಸರೋವರಗಳ ಕಡೆ ಒಂದು ವಾರ ಸುತ್ತಿ ಬರೋಣ" ಎಂದರೆ ನೀವು ಏನೆನ್ನುತ್ತೀರಿ? ಸಂತೋಷದಿಂದ ಒಪ್ಪಿಕೊಳ್ಳಿ. ಆದರೆ ಇದು ಕಾರು ಬಾಡಿಗೆಗೆ ಹಿಡಿದಷ್ಟು ಹಗುರವಾದ ವ್ಯವಹಾರವಲ್ಲ. ಒಲೆ, ಹಾಸಿಗೆ, ಶೌಚಾಲಯ, ನೀರಿನ ಟ್ಯಾಂಕು, ಗ್ಯಾಸ್ ಸಿಲಿಂಡರು ಎಲ್ಲವೂ ಇರುವ ಒಂದು ಪುಟ್ಟ ಮನೆಯ ಯಜಮಾನಿಕೆಯನ್ನು ನೀವು ವಾರದ ಮಟ್ಟಿಗೆ ವಹಿಸಿಕೊಳ್ಳುತ್ತೀರಿ. ಆ ಮನೆ ರಸ್ತೆಯ ಮೇಲೆ ಓಡುತ್ತದೆ ಎಂಬುದೊಂದೇ ವ್ಯತ್ಯಾಸ.

ಫಿನ್ಲೆಂಡಿನಲ್ಲಿ ಸಣ್ಣಪುಟ್ಟವೆಲ್ಲ ಸೇರಿ ಸುಮಾರು 1,88,000 ಸರೋವರಗಳಿವೆ. ಇವು ಯಾರೂ ಕಟ್ಟೆ ಕಟ್ಟಿ ಮಾಡಿದ ಕೆರೆಗಳಲ್ಲ. ಹಿಮಯುಗದ ಕೊನೆಯಲ್ಲಿ, ಸುಮಾರು ಹತ್ತು ಹನ್ನೊಂದು ಸಾವಿರ ವರ್ಷಗಳ ಹಿಂದೆ, ಭಾರೀ ಹಿಮರಾಶಿ ಕರಗಿ ಹಿಂದೆ ಸರಿಯುವಾಗ ಬಂಡೆಯನ್ನು ಉಜ್ಜಿ ಕೊರೆದ ತಗ್ಗುಗಳಲ್ಲಿ ನೀರು ನಿಂತಿತು. ಹಿಮ ಹೊತ್ತು ತಂದ ಮರಳು ಜಲ್ಲಿಗಳು ದಿಬ್ಬಗಳಾಗಿ ಉಳಿದವು. ಆಗ್ನೇಯ ಭಾಗದ ಸೈಮಾ ಸರೋವರವೇ ಎಲ್ಲಕ್ಕಿಂತ ದೊಡ್ಡದು, ಸುಮಾರು 4,400 ಚದರ ಕಿಲೋಮೀಟರು. ನಕ್ಷೆಯಲ್ಲಿ ನೋಡಿದರೆ ಅದು ಒಂದೇ ಸರೋವರವೆಂದು ನಂಬುವುದು ಕಷ್ಟ. ನೀರು ನೆಲದೊಳಗೆ, ನೆಲ ನೀರಿನೊಳಗೆ ಬೆರಳು ಹೊಸೆದುಕೊಂಡಂತೆ ಕಾಣುತ್ತದೆ. ಆದ್ದರಿಂದಲೇ ಇಲ್ಲಿ ಎದುರು ದಡದಲ್ಲಿ ಕಾಣುವ ಊರಿಗೂ ರಸ್ತೆ ಸುತ್ತಿ ಸುತ್ತಿ ಹೋಗುತ್ತದೆ.

ಮೊದಲ ತಪ್ಪು ನಡೆಯುವುದು ಈ ನಕ್ಷೆಯ ಮುಂದೆಯೇ. ವ್ಯಾನ್ ಸಿಕ್ಕಿತೆಂದ ಕೂಡಲೇ ಉತ್ತರದ ಲ್ಯಾಪ್‌ಲೆಂಡಿನವರೆಗೂ ಹೋಗಿಬರುವ ಆಸೆ ಹುಟ್ಟುತ್ತದೆ. ಬೇಡ. ಹೆಲ್ಸಿಂಕಿಯಿಂದ ಲಾಹ್ತಿ, ಮಿಕ್ಕೆಲಿ ದಾಟಿ ಸವೊನ್ಲಿನ್ನಾ ತಲುಪಲು ಸುಮಾರು 330 ಕಿಲೋಮೀಟರು. ಅಲ್ಲಿಂದ ಪುಂಕಹರ್ಯು, ಇಮಾತ್ರಾ, ಲಪ್ಪೇನ್‌ರಾಂತಾ ಮಾರ್ಗವಾಗಿ ಹಿಂದಿರುಗಿದರೆ ಸೈಮಾ ಸರೋವರದ ದಂಡೆಯ ಉತ್ತಮ ಭಾಗಗಳನ್ನು ಕಂಡಂತಾಗುತ್ತದೆ. ಒಂದು ವಾರಕ್ಕೆ ಇಷ್ಟು ಸಾಕು. ಪ್ರತಿದಿನ ಹಾಸಿಗೆ ಮಡಚಿ, ಪಾತ್ರೆ ಕಟ್ಟಿ, ಕಪಾಟಿನ ಚಿಲಕಗಳನ್ನು ಹಾಕಿ ಹೊರಡಲು ಒಂದು ಗಂಟೆಯಾದರೂ ಬೇಕು. ಇದನ್ನು ಲೆಕ್ಕಕ್ಕೆ ಹಿಡಿಯದವರು ನೀರಿನಲ್ಲಿ ಕಾಲು ಅದ್ದದೆಯೇ ಸರೋವರಗಳ ನಾಡು ನೋಡಿ ಬಂದೆವೆನ್ನುತ್ತಾರೆ.

ಇನ್ನು ವ್ಯಾನಿನ ಆಯ್ಕೆ. "ಆರು ಜನ ಮಲಗಬಹುದು" ಎಂದು ಬರೆದಿದ್ದರೆ ಆರು ಜನ ಪ್ರಯಾಣ ಮಾಡಬಹುದು ಎಂದು ಅರ್ಥವಲ್ಲ. ಸೀಟು ಬೆಲ್ಟ್ ಇರುವ ಆಸನಗಳೆಷ್ಟು ಎಂದು ಬೇರೆಯಾಗಿ ಕೇಳಿ. 135 ಸೆಂಟಿಮೀಟರಿಗಿಂತ ಕುಳ್ಳಾದ ಮಗುವಿಗೆ ಅಲ್ಲಿನ ಕಾನೂನಿನ ಪ್ರಕಾರ ಮಕ್ಕಳ ಆಸನ ಕಡ್ಡಾಯ. ಮೊಮ್ಮಗುವನ್ನು ಅಜ್ಜಿಯ ತೊಡೆಯ ಮೇಲೆ ಕೂರಿಸಿಕೊಂಡು ಹೋಗುವಂತಿಲ್ಲ. ಎರಡನೆಯದು ತೂಕ. ಸಾಮಾನ್ಯ ಕಾರಿನ ಪರವಾನಗಿಯಲ್ಲಿ ಓಡಿಸಬಹುದಾದ ವಾಹನದ ಒಟ್ಟು ತೂಕದ ಮಿತಿ 3,500 ಕಿಲೋ. ದೊಡ್ಡ ವ್ಯಾನು ಬರಿದಾಗಿದ್ದಾಗಲೇ ಮೂರು ಸಾವಿರ ಕಿಲೋ ತೂಗುತ್ತದೆ. ಉಳಿದ ತೂಕದಲ್ಲಿ ನೀವು, ನಿಮ್ಮ ಪೆಟ್ಟಿಗೆಗಳು, ಅಕ್ಕಿ ಬೇಳೆ ಎಲ್ಲವೂ ಬರಬೇಕು. ಟ್ಯಾಂಕಿಗೆ ನೂರು ಲೀಟರು ನೀರು ತುಂಬಿದರೆ ನೂರು ಕಿಲೋ ಅಲ್ಲಿಗೇ ಹೋಯಿತು. ನಾಲ್ವರು ದೊಡ್ಡವರು ಮನೆ ಖಾಲಿ ಮಾಡಿದಂತೆ ಸಾಮಾನು ಹೇರಿದರೆ ಮಿತಿ ದಾಟುವುದು ಗೊತ್ತೇ ಆಗುವುದಿಲ್ಲ. ತೂಕ ಹೆಚ್ಚಿದರೆ ಬ್ರೇಕು ಹಿಡಿದಾಗ ಗಾಡಿ ತಡವಾಗಿ ನಿಲ್ಲುತ್ತದೆ. ದಂಡದ ಮಾತು ಆಮೇಲಿನದು.

ಕೀಲಿಕೈ ಪಡೆಯುವ ದಿನ ಅವಸರ ಮಾಡಬೇಡಿ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವುಂಟು. ನಾವು ಹೋದಾಗ ಕಚೇರಿಯವರು ಕರಾರು ಪತ್ರ ಕೊಟ್ಟು ಓದಿ ಎಂದರು. ನಾವು ಓದಲಿಲ್ಲ. ಮೂರನೆಯ ರಾತ್ರಿ ಸರೋವರದ ಅಂಚಿನಲ್ಲಿ ವ್ಯಾನಿನ ಬದಿಗೆ ಬಿಚ್ಚುವ ಬಟ್ಟೆಯ ಚಪ್ಪರವನ್ನು ಹರಡಿ, ಅದರಡಿ ಕುಳಿತು ಊಟ ಮಾಡಿ, ಅದನ್ನು ಹಾಗೆಯೇ ಬಿಟ್ಟು ಮಲಗಿದೆವು. ನಡುರಾತ್ರಿ ನೀರಿನ ಕಡೆಯಿಂದ ಗಾಳಿ ಎದ್ದಿತು. ಚಪ್ಪರದ ಒಂದು ತೋಳು ಬಾಗಿ ಬಟ್ಟೆ ಹರಿಯಿತು. ಚಪ್ಪರಕ್ಕೂ ವ್ಯಾನಿನ ಮೇಲ್ಛಾವಣಿಗೂ ಆಗುವ ಹಾನಿ ವಿಮೆಗೆ ಸೇರುವುದಿಲ್ಲವೆಂದು ಕರಾರಿನ ಎರಡನೆಯ ಪುಟದಲ್ಲೇ ಅಚ್ಚಾಗಿತ್ತು. ಠೇವಣಿಯ ಬಹುಪಾಲು ಹೋಯಿತು. ಕಚೇರಿಯವರ ತಪ್ಪೇನೂ ಇರಲಿಲ್ಲ. ಅಳಿಯಂದಿರು ಏನೂ ಅನ್ನಲಿಲ್ಲ, ಅದೇ ಹೆಚ್ಚು ನಾಚಿಕೆಯಾಯಿತು. ಚಪ್ಪರ ಇರಲಿ, ನೆರಳು ಚೆನ್ನಾಗಿದೆ ಎಂದವಳು ನಾನೇ.

ಆದ್ದರಿಂದ ವಿಮೆ ಯಾವುದಕ್ಕೆ ಉಂಟು, ಯಾವುದಕ್ಕೆ ಇಲ್ಲ, ಹಾನಿಯಾದರೆ ನಿಮ್ಮ ಕೈಯಿಂದ ಎಷ್ಟು ಹೋಗುತ್ತದೆ ಎಂಬುದನ್ನು ಮೊದಲೇ ತಿಳಿಯಿರಿ. ವ್ಯಾನಿನ ಎತ್ತರವನ್ನು ಒಂದು ಚೀಟಿಯಲ್ಲಿ ಬರೆದು ಚಾಲಕರ ಕಣ್ಣೆದುರು ಅಂಟಿಸಿ. ಮೂರು ಮೀಟರು ಎತ್ತರದ ಗಾಡಿ ಪೇಟೆಯ ತಗ್ಗಿನ ವಾಹನ ನಿಲ್ದಾಣಕ್ಕೆ ನುಗ್ಗುವುದಿಲ್ಲ. ಹಳೆಯ ಗೀರುಗಳ ಫೋಟೋ ತೆಗೆದುಕೊಳ್ಳಿ. ಪ್ರತಿಯೊಂದು ಗುಂಡಿ, ಪ್ರತಿಯೊಂದು ಕವಾಟವನ್ನು ಅವರ ಎದುರಿನಲ್ಲಿ ನೀವೇ ಒಮ್ಮೆ ತಿರುಗಿಸಿ ನೋಡಿ.

ಅಡುಗೆಯ ವಿಷಯಕ್ಕೆ ಬರೋಣ. ವ್ಯಾನಿನಲ್ಲಿ ಎರಡು ಮೂರು ಉರಿಯ ಗ್ಯಾಸ್ ಒಲೆ ಇರುತ್ತದೆ. ಊರಿನಿಂದ ಮೂರು ಲೀಟರಿನ ಕುಕ್ಕರು ಒಯ್ದರೆ ಅನ್ನ ಸಾರಿಗೆ ಚಿಂತೆಯಿಲ್ಲ. ಅಡುಗೆ ಮಾಡುವಾಗ ಕಿಟಕಿಯನ್ನೋ ಮೇಲಿನ ಗಾಳಿಕಂಡಿಯನ್ನೋ ತೆರೆದಿಡಿ. ಹೊರಡುವ ಮೊದಲು ಸಿಲಿಂಡರಿನ ಕವಾಟ ಮುಚ್ಚಿ. ಮಿಕ್ಸಿ ಮಾತ್ರ ಎಲ್ಲೆಂದರಲ್ಲಿ ತಿರುಗದು. ವ್ಯಾನಿನ ಒಳಗಿನ ದೀಪ, ಪಂಪುಗಳು ನಡೆಯುವುದು 12 ವೋಲ್ಟಿನ ಬ್ಯಾಟರಿಯಿಂದ. ನಮ್ಮಲ್ಲಿರುವಂಥ 230 ವೋಲ್ಟಿನ ವಿದ್ಯುತ್ತು ಬೇಕಾದರೆ ಕ್ಯಾಂಪಿಂಗ್ ತಾಣಕ್ಕೆ ಹೋಗಿ ಕೇಬಲು ಚುಚ್ಚಬೇಕು. ನಮ್ಮ ಮೂರು ಕಾಲಿನ ಪ್ಲಗ್ಗು ಅಲ್ಲಿಗೆ ಹೊಂದುವುದಿಲ್ಲ, ಅಡಾಪ್ಟರು ಜೊತೆಗಿರಲಿ. ಅಡುಗೆ ಬೇಸರವಾದ ದಿನ ಊರಿನ ಮಾರುಕಟ್ಟೆ ಚೌಕಕ್ಕೆ ಹೋಗಿ. ರೈ ಎಂಬ ಧಾನ್ಯದ ತೆಳು ಹಿಟ್ಟಿನೊಳಗೆ ಅಕ್ಕಿಯ ಗಂಜಿ ತುಂಬಿ ಬೇಯಿಸಿದ ಕರೇಲಿಯಾದ ತಿಂಡಿ ಸಸ್ಯಾಹಾರಿಗಳಿಗೂ ಆಗುತ್ತದೆ. ಮೇಲೆ ಹಚ್ಚುವ ಬೆಣ್ಣೆಯಲ್ಲಿ ಮೊಟ್ಟೆ ಇರುತ್ತದೆ, ಬೇಡವೆಂದು ಹೇಳಿ. ಜುಲೈ ತಿಂಗಳಿನಲ್ಲಿ ಹಸಿ ಬಟಾಣಿಯನ್ನು ಲೀಟರಿನ ಲೆಕ್ಕದಲ್ಲಿ ಅಳೆದು ಕೊಡುತ್ತಾರೆ. ಜನ ಬೆಂಚಿನ ಮೇಲೆ ಕುಳಿತು ಸುಲಿದು ಹಸಿಯಾಗಿಯೇ ತಿನ್ನುತ್ತಾರೆ.

ಈಗ ಯಾರೂ ಕೇಳಲು ಇಷ್ಟಪಡದ ಸಂಗತಿ. ವ್ಯಾನಿನ ಶೌಚಾಲಯದ ಅಡಿಯಲ್ಲಿ ಹದಿನೇಳರಿಂದ ಇಪ್ಪತ್ತು ಲೀಟರು ಹಿಡಿಯುವ, ಹೊರಗೆಳೆಯಬಹುದಾದ ಒಂದು ಡಬ್ಬ ಇರುತ್ತದೆ. ನಾಲ್ಕು ಜನರಿಗೆ ಅದು ಎರಡು ದಿನ ಬಂದರೆ ಹೆಚ್ಚು. ನಮ್ಮವರಂತೆ ಧಾರಾಳವಾಗಿ ನೀರು ಬಳಸಿದರೆ ಒಂದೇ ದಿನ. ಪಾತ್ರೆ ತೊಳೆದ, ಸ್ನಾನ ಮಾಡಿದ ನೀರು ಇನ್ನೊಂದು ಟ್ಯಾಂಕಿನಲ್ಲಿ ಸೇರುತ್ತದೆ. ಇವೆರಡನ್ನೂ ಕ್ಯಾಂಪಿಂಗ್ ತಾಣಗಳಲ್ಲಿ ಅದಕ್ಕೆಂದೇ ಮಾಡಿದ ಜಾಗದಲ್ಲಿ ಖಾಲಿ ಮಾಡಬೇಕು. ಕಾಡಿನ ಮರೆಯಲ್ಲಿ ಚೆಲ್ಲಿದರೆ ಯಾರಿಗೆ ಗೊತ್ತಾಗುತ್ತದೆ ಎಂದು ಕೇಳಬೇಡಿ. ಇಲ್ಲಿ ಬಂಡೆಯ ಮೇಲಿನ ಮಣ್ಣು ತೆಳು. ಚೆಲ್ಲಿದ್ದು ನೀರಿಗೇ ಇಳಿಯುತ್ತದೆ. ಸೈಮಾ ಸರೋವರದಲ್ಲಿ ಹಿಮಯುಗದ ನಂತರ ಸಮುದ್ರದಿಂದ ಬೇರ್ಪಟ್ಟು ಉಳಿದ ಒಂದು ಜಾತಿಯ ಸೀಲ್ ಪ್ರಾಣಿಯಿದೆ. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಇವುಗಳ ಸಂಖ್ಯೆ ಸುಮಾರು ಐನೂರು ಮಾತ್ರ. ನಮ್ಮ ಸಾಬೂನಿನ ನೀರು ಅವುಗಳ ಮನೆಗೆ ಹೋಗುವುದು ಬೇಡ. ಸಾಧ್ಯವಾದಲ್ಲೆಲ್ಲ ತಾಣದ ಶೌಚಾಲಯವನ್ನೇ ಬಳಸಿ; ಸ್ನಾನಕ್ಕೆ ಅಲ್ಲಿನ ಸೌನಾ ಇದೆ.

ಎಲ್ಲಿ ನಿಲ್ಲಬೇಕು ಎಂಬುದು ಮುಂದಿನ ಪ್ರಶ್ನೆ. ಫಿನ್ಲೆಂಡಿನಲ್ಲಿ "ಎಲ್ಲರ ಹಕ್ಕು" ಎಂಬ ಹಳೆಯ ಪದ್ಧತಿಯುಂಟು. ಯಾರ ಕಾಡಿನಲ್ಲಾದರೂ ನಡೆಯಬಹುದು, ಹಣ್ಣು ಅಣಬೆ ಕೀಳಬಹುದು, ಸರೋವರದಲ್ಲಿ ಈಜಬಹುದು, ಮನೆಗಳಿಂದ ದೂರದಲ್ಲಿ ಒಂದೆರಡು ರಾತ್ರಿ ಡೇರೆ ಹಾಕಬಹುದು. ಆದರೆ ಈ ಹಕ್ಕು ಕಾಲಿಗೆ ಉಂಟು, ಚಕ್ರಕ್ಕೆ ಇಲ್ಲ. ರಸ್ತೆ ಬಿಟ್ಟು ವಾಹನ ಇಳಿಸಬೇಕಾದರೆ ನೆಲದ ಒಡೆಯರ ಅನುಮತಿ ಬೇಕು. ಬೆಂಕಿ ಹಾಕುವುದಕ್ಕೂ ಬೇಕು. ದೇಶದಲ್ಲಿ ಐದು ಲಕ್ಷಕ್ಕೂ ಹೆಚ್ಚು ಬೇಸಿಗೆ ಮನೆಗಳಿವೆ, ಬಹುಪಾಲು ನೀರಿನ ದಡದಲ್ಲೇ. ಪಾಳು ಬಿದ್ದಂತೆ ಕಾಣುವ ಕಾಡುದಾರಿಯ ತುದಿಯಲ್ಲಿ ಯಾರದೋ ಅಂಗಳ ಇರುತ್ತದೆ. ಕ್ಯಾಂಪಿಂಗ್ ತಾಣಗಳೇ ಕ್ಷೇಮ. ಜೂನ್ 20 ಮತ್ತು 26ರ ನಡುವಿನ ಶನಿವಾರ ಬರುವ ಯುಹಾನ್ನುಸ್ ಹಬ್ಬಕ್ಕೆ ಇಡೀ ದೇಶ ದಡ ಸೇರುವುದರಿಂದ ಆ ವಾರಕ್ಕೆ ಮೊದಲೇ ಜಾಗ ಕಾದಿರಿಸಿ, ದಿನಸಿಯನ್ನೂ ತಂದಿಟ್ಟುಕೊಳ್ಳಿ.

ಚಾಲಕರಿಗೆ ನಾಲ್ಕು ಮಾತು. ನೀವೇ ಓಡಿಸುವುದಾದರೆ ಊರು ಬಿಡುವ ಮುನ್ನವೇ ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪಡೆಯಿರಿ. ಮೂಲ ಪರವಾನಗಿಯೂ ಜೊತೆಗಿರಲಿ. ಅಲ್ಲಿ ಸಂಚಾರ ರಸ್ತೆಯ ಬಲಗಡೆ. ಹಗಲಿನಲ್ಲೂ ದೀಪ ಉರಿಯುತ್ತಿರಬೇಕು. ವೇಗದ ಮಿತಿಯನ್ನು ಬಹಳವಾಗಿ ಮೀರಿದವರಿಗೆ ಆದಾಯಕ್ಕೆ ತಕ್ಕಂತೆ ದಂಡ ಹಾಕುತ್ತಾರೆ. ಸಂಜೆ ಮತ್ತು ಮುಂಜಾನೆ ಮೂಸ್ ಎಂಬ ಭಾರೀ ಜಿಂಕೆ ರಸ್ತೆಗೆ ಹಠಾತ್ತನೆ ನುಗ್ಗುತ್ತದೆ, ಎಚ್ಚರಿಕೆಯ ಫಲಕ ಕಂಡಲ್ಲಿ ನಿಧಾನಿಸಿ. ರಸ್ತೆ ನೀರಿನ ಮುಂದೆ ನಿಂತುಹೋದರೆ ಗಾಬರಿಯಾಗಬೇಡಿ. 2025ರಲ್ಲಿ ಸೇತುವೆಯಾಗುವ ಮೊದಲು ಸಿಗಂದೂರಿಗೆ ಲಾಂಚಿನಲ್ಲಿ ದಾಟಿದವರಿಗೆ ಇದು ಹೊಸದಲ್ಲ. ಹಳದಿ ಬಣ್ಣದ ದೋಣಿ ಬಂದು ವ್ಯಾನ್ ಸಮೇತ ನಿಮ್ಮನ್ನು ಆಚೆ ದಾಟಿಸುತ್ತದೆ, ಹಣ ಕೊಡಬೇಕಾಗಿಲ್ಲ. ಇಮಾತ್ರಾದ ಕಡೆ ರಷ್ಯಾದ ಗಡಿ ಬಲು ಹತ್ತಿರ. ಅದರ ದಾಟುಠಾಣೆಗಳನ್ನು ಫಿನ್ಲೆಂಡ್ 2023ರ ಕೊನೆಯಲ್ಲಿ ಮುಚ್ಚಿತು. ಗಡಿವಲಯದ ಹಳದಿ ಫಲಕ ಕಂಡರೆ ಕುತೂಹಲಕ್ಕೂ ಮುಂದೆ ಹೋಗಬೇಡಿ.

ಇಷ್ಟನ್ನು ನೋಡಿಕೊಂಡರೆ ಉಳಿದದ್ದು ಸುಖ. ಸವೊನ್ಲಿನ್ನಾದಲ್ಲಿ 1475ರಲ್ಲಿ ಕಟ್ಟಲಾರಂಭಿಸಿದ ಕೋಟೆ ನೀರಿನ ನಡುವಿನ ಬಂಡೆಯ ಮೇಲೆ ನಿಂತಿದೆ. ಜುಲೈ ತಿಂಗಳಿನಲ್ಲಿ ಅದರ ಅಂಗಳದಲ್ಲಿ ಒಪೆರಾ ಉತ್ಸವ. ಹತ್ತಿರದ ಕೆರಿಮಾಕಿಯಲ್ಲಿ 1847ರಲ್ಲಿ ಮುಗಿದ, ಮೂರು ಸಾವಿರ ಜನ ಕೂರಬಹುದಾದ ಮರದ ಚರ್ಚು. ಪುಂಕಹರ್ಯುವಿನಲ್ಲಿ ಹಿಮ ಬಿಟ್ಟುಹೋದ ಏಳು ಕಿಲೋಮೀಟರಿನ ದಿಬ್ಬದ ಮೇಲೆ ರಸ್ತೆ, ಎರಡೂ ಕಡೆ ಪೈನ್ ಮರಗಳು, ಮರಗಳಾಚೆ ಎರಡೂ ಕಡೆ ನೀರು. ಅಲ್ಲಿ ವ್ಯಾನ್ ನಿಲ್ಲಿಸಿ ನಡೆದೇ ಹೋಗಿ. ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದು ರಾತ್ರಿ ಹನ್ನೊಂದರ ಸುಮಾರಿಗೆ. ಆಮೇಲೂ ಪೂರ್ತಿ ಕತ್ತಲಾಗದು. ಕಿಟಕಿಯ ಪರದೆಗಳನ್ನು ಬಿಗಿಯಾಗಿ ಎಳೆದು, ಸೊಳ್ಳೆಗೆ ಹಚ್ಚುವ ಮುಲಾಮು ಕೈಗೆಟಕುವಲ್ಲಿ ಇಟ್ಟುಕೊಂಡು ಮಲಗಿ. ಮಲಗುವ ಮುನ್ನ ಚಪ್ಪರವನ್ನು ಮಡಚಿ.