ಮಗುವನ್ನು ಚಿವುಟಿ ತೊಟ್ಟಿಲು ತೂಗುವ ಸಿಗರೇಟು

ಆ ಗೃಹಸ್ಥರು ಸಿಗರೇಟು ಬಿಟ್ಟು ಆರು ತಿಂಗಳಾಗಿತ್ತು. ಅಂಗಿಯ ಜೇಬಿನಲ್ಲಿ ಬೆಂಕಿಪೆಟ್ಟಿಗೆಯ ಸದ್ದಿಲ್ಲ. ಮನೆಯಾಕೆಯ ಮುಖದಲ್ಲಿ ಗೆಲುವು. ತಂದೆಯ ತೊಡೆಯೇರುವಾಗ ಮಕ್ಕಳು ಮೂಗು ಮುಚ್ಚಿಕೊಳ್ಳಬೇಕಾದ ಪ್ರಮೇಯವಿಲ್ಲ. ಹೀಗಿರಲು ಒಂದು ಸಂಜೆ ಕಚೇರಿಯಲ್ಲಿ ಮೇಲಧಿಕಾರಿಯೊಡನೆ ಮಾತಿಗೆ ಮಾತು ಬೆಳೆಯಿತು. ಮನೆಗೆ ಬರುವಷ್ಟರಲ್ಲಿ ವೃದ್ಧ ತಂದೆಯನ್ನು ಆಸ್ಪತ್ರೆಗೆ ಸೇರಿಸಿದ ಸುದ್ದಿ ಕಾದಿತ್ತು. ರಾತ್ರಿ ಆಸ್ಪತ್ರೆಯೆದುರಿನ ಬೀಡಾ ಅಂಗಡಿಯ ಮುಂದೆ ಅವರ ಕಾಲು ತಾನಾಗಿಯೇ ನಿಂತಿತು. "ಇದೊಂದೇ" ಎಂದುಕೊಂಡರು. ವಾರ ಕಳೆಯುವುದರೊಳಗೆ ಹಳೆಯ ಪೊಟ್ಟಣ ಜೇಬಿಗೆ ಮರಳಿತು. "ಇವರಿಗೆ ಮನಸ್ಸಿನ ಗಟ್ಟಿತನವೇ ಇಲ್ಲ" ಎಂಬ ಮಾತು ಮನೆಗೆ ಮರಳಿತು.

ಇಂಥ ಗೃಹಸ್ಥರು ಪ್ರತಿಯೊಂದು ಬೀದಿಯಲ್ಲಿಯೂ ಸಿಗುತ್ತಾರೆ. ಅವರದು ಕೇವಲ ಮನೋದೌರ್ಬಲ್ಯವೇ? ಆರು ತಿಂಗಳು ತಡೆದ ಮನಸ್ಸು ಒಂದೇ ರಾತ್ರಿಯಲ್ಲಿ ಸೋತದ್ದೇಕೆ? ಮಿದುಳಿನ ಶಾಸ್ತ್ರಜ್ಞರು ಈ ಪ್ರಶ್ನೆಗೆ ಕಂಡುಕೊಂಡಿರುವ ಉತ್ತರ ಧೂಮಪಾನಿಗೂ ಅವನ ಮನೆಯವರಿಗೂ ಸಮನಾಗಿ ಉಪಯುಕ್ತವಾದುದು.

ಕಳವಳಕ್ಕೆ ಹೊಗೆಯೇ ಮದ್ದೆಂಬ ನಂಬಿಕೆ ಹಳೆಯದು. 1914ರ ಮಹಾಯುದ್ಧದಲ್ಲಿ ಸೈನಿಕರ ಪಡಿತರದೊಡನೆ ಸಿಗರೇಟನ್ನೂ ಹಂಚುತ್ತಿದ್ದರು. ಅಮೆರಿಕದ ಸೇನೆ ತನ್ನ ಪಡಿತರದಿಂದ ಅದನ್ನು ತೆಗೆದುಹಾಕಿದ್ದು 1975ರಲ್ಲಿ. ಸಾವಿನ ನೆರಳಿನಲ್ಲಿ ಕುಳಿತವನಿಗೆ ಅದು ಸಮಾಧಾನ ತಂದಿತೆಂದರೆ ಸಂಸಾರದ ತಾಪತ್ರಯದಲ್ಲಿ ತಾರದೆ ಇದ್ದೀತೆ? ವಾದವೇನೋ ಸೊಗಸಾಗಿಯೇ ಇದೆ. ಆದರೆ ಆ ಸಮಾಧಾನ ಎಲ್ಲಿಂದ ಬರುತ್ತದೆ ಎಂಬುದರಲ್ಲಿದೆ ಗುಟ್ಟು.

ಹುಸಿ ಬೀಗದ ಕೈ

ತಂಬಾಕಿನ ಸಾರವಾದ ನಿಕೋಟಿನ್ನನ್ನು 1828ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಮೊದಲು ಬೇರ್ಪಡಿಸಲಾಯಿತು. ಎಳೆದ ಹೊಗೆ ಶ್ವಾಸಕೋಶವನ್ನು ಸೇರಿ, ಅಲ್ಲಿಂದ ರಕ್ತದೊಡನೆ ಹೊರಟು, ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ನಿಕೋಟಿನ್ ಮಿದುಳನ್ನು ಮುಟ್ಟುತ್ತದೆ. ಮಿದುಳಿನ ನರಕೋಶಗಳ ಮೇಲೆ ಅಸಿಟೈಲ್‌ಕೋಲೀನ್ ಎಂಬ ಸಹಜ ದ್ರವ್ಯಕ್ಕಾಗಿಯೇ ಏರ್ಪಟ್ಟ ಗ್ರಾಹಕಗಳಿವೆ. ಅವನ್ನು ಬೀಗಗಳೆಂದು ಭಾವಿಸಬಹುದು. ನಿಕೋಟಿನ್ ಆ ಬೀಗಗಳಿಗೆ ಹೊಂದಿಕೊಳ್ಳುವ ಹುಸಿ ಕೈ. ಬೀಗ ತೆರೆಯುತ್ತಲೇ ಡೋಪಮೀನ್ ಎಂಬ ಮತ್ತೊಂದು ದ್ರವ್ಯ ಒಸರುತ್ತದೆ. "ಇದು ಹಿತ, ಇನ್ನೊಮ್ಮೆ ಬೇಕು" ಎಂಬ ಪಾಠವನ್ನು ಮಿದುಳು ಕಲಿಯುತ್ತದೆ.

ದಿನವೂ ಸೇದುವವನ ಮಿದುಳಿನಲ್ಲಿ ಈ ಬೀಗಗಳ ಸಂಖ್ಯೆಯೇ ಹೆಚ್ಚುತ್ತದೆ. ಇತ್ತ ರಕ್ತದಲ್ಲಿರುವ ನಿಕೋಟಿನ್ ಸುಮಾರು ಎರಡು ಗಂಟೆಗಳಲ್ಲಿ ಅರ್ಧಕ್ಕಿಳಿಯುತ್ತದೆ. ಕೈಗಳು ಕಡಿಮೆ, ಬೀಗಗಳು ಬಹಳ! ಆಗ ಹುಟ್ಟುವುದೇ ಚಡಪಡಿಕೆ, ಸಿಡುಕು, ಕೆಲಸದಲ್ಲಿ ಮನಸ್ಸು ನಿಲ್ಲದ ಅವಸ್ಥೆ. ಮುಂದಿನ ಸಿಗರೇಟು ಇವನ್ನು ಅಡಗಿಸುತ್ತದೆ, ನಿಜ. ಆದರೆ ಇವನ್ನು ಎಬ್ಬಿಸಿದ್ದು ಹಿಂದಿನ ಸಿಗರೇಟು! ಮಗುವನ್ನು ಚಿವುಟಿ ತೊಟ್ಟಿಲು ತೂಗುವುದೆಂದರೆ ಇದೇ. ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಆಂಡ್ರೂ ಪ್ಯಾರಟ್ 1999ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಈ ವಾದವನ್ನು ಸ್ಪಷ್ಟವಾಗಿ ಮಂಡಿಸಿದರು. ಧೂಮಪಾನಿ ಹಣ ತೆತ್ತು ಪಡೆಯುವ ಶಾಂತಿ, ಪಕ್ಕದ ಮೇಜಿನ ಸೇದದವನಿಗೆ ಪುಕ್ಕಟೆಯಾಗಿ ದೊರೆತಿರುತ್ತದೆ.

ಯಜಮಾನನಿಲ್ಲದ ಮನೆ

ಇದು ಚಟದ ಒಳಗಿನ ಕಳವಳ. ಹೊರಗಿನಿಂದ ಬರುವ ಕಳವಳದ ಕಥೆ ಬೇರೆ. ಬಗೆಬಗೆಯ ಆಘಾತಗಳಿಗೆ ದೇಹ ಒಂದೇ ತೆರನಾಗಿ ಸ್ಪಂದಿಸುತ್ತದೆಂದು ಹಾನ್ಸ್ ಸೆಲ್ಯೆ 1936ರಲ್ಲಿ ತೋರಿಸಿದರು. ಕಷ್ಟ ಎದುರಾದೊಡನೆ ಮಿದುಳಿನ ತಳದಿಂದ ಹೊರಟ ಆಜ್ಞೆ ಪಿಟ್ಯುಟರಿ ಗ್ರಂಥಿಯ ಮೂಲಕ, ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತ ಅಡ್ರಿನಲ್ ಗ್ರಂಥಿಗಳನ್ನು ಮುಟ್ಟುತ್ತದೆ. ಕಾರ್ಟಿಸಾಲ್ ರಕ್ತಕ್ಕೆ ಸೇರುತ್ತದೆ. ನರಗಳ ದಾರಿಯಿಂದ ಹೋದ ಸಂಜ್ಞೆಗೆ ಅಡ್ರಿನಲಿನ್ ಹರಿದು ಎದೆಬಡಿತ ಏರುತ್ತದೆ. ವಿಚಿತ್ರವೆಂದರೆ ನಿಕೋಟಿನ್ ಕೂಡ ಅಡ್ರಿನಲಿನ್ ಹರಿಸಿ ಎದೆಬಡಿತವನ್ನು ಏರಿಸುವಂಥದೇ. ಮನಸ್ಸು ವಿಶ್ರಾಂತಿಯೆಂದು ಭ್ರಮಿಸುವಾಗ ದೇಹ ಓಡುತ್ತಿರುತ್ತದೆ.

ಮಿದುಳಿನಲ್ಲಿ ಹಣೆಯ ಹಿಂಬದಿಯ ಭಾಗ ಮನೆಯ ಯಜಮಾನನಿದ್ದಂತೆ. ಮುಂದಾಲೋಚನೆ, ಸಂಯಮ, "ಬೇಡ" ಎನ್ನುವ ಶಕ್ತಿ ಅಲ್ಲಿಯವು. ತೀವ್ರ ಒತ್ತಡದಲ್ಲಿ ಮೊದಲು ಸೊರಗುವುದು ಈ ಭಾಗವೇ ಎಂದು ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಏಮಿ ಆರ್ನ್‌ಸ್ಟನ್ ಅವರ ಸಂಶೋಧನೆಗಳು ತೋರಿಸಿವೆ. ಯಜಮಾನನು ಮಂಕಾದಾಗ ಆಡಳಿತ ಭಯದ ಕೈಗೂ ಹಳೆಯ ಅಭ್ಯಾಸದ ಕೈಗೂ ಹೋಗುತ್ತದೆ. ಬೀಡಾ ಅಂಗಡಿಯ ದಾರಿ ಅಭ್ಯಾಸಕ್ಕೆ ಚೆನ್ನಾಗಿ ಗೊತ್ತು!

ಅದೇ ವಿಶ್ವವಿದ್ಯಾನಿಲಯದ ಶೆರಿ ಮೆಕೀ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಪ್ರಯೋಗ ಕುತೂಹಲಕರವಾದುದು. ಸಿಗರೇಟಿನಿಂದ ದೂರವಿರಿಸಿದ್ದ ಧೂಮಪಾನಿಗಳಿಗೆ ಒಂದು ದಿನ ಅವರದೇ ಜೀವನದ ಕಹಿ ಪ್ರಸಂಗವನ್ನು ನೆನಪಿಗೆ ತರಿಸಿದರು. ಇನ್ನೊಂದು ದಿನ ಸಾಧಾರಣವಾದ ಸನ್ನಿವೇಶವನ್ನು. ಬಳಿಕ ಸಿಗರೇಟನ್ನು ಎದುರಿಗಿಟ್ಟು, ತಡೆದುಕೊಂಡಷ್ಟು ಹೊತ್ತಿಗೆ ಹಣ ಕೊಡುವುದಾಗಿ ಹೇಳಿದರು. ಕಹಿಯನ್ನು ನೆನೆದ ದಿನ ಅವರು ಬೇಗನೆ ಸೋತರು. ಸೋತ ಮೇಲೆ ಹೆಚ್ಚು ಆತುರದಿಂದ ಸೇದಿದರು. ಹೆಚ್ಚು ತೃಪ್ತಿಯನ್ನೂ ಕಂಡರು. ಒತ್ತಡವು ತಡೆಯುವ ಶಕ್ತಿಯನ್ನು ಕುಗ್ಗಿಸಿ, ಸಿಗರೇಟಿನ ರುಚಿಯನ್ನು ಹಿಗ್ಗಿಸುತ್ತದೆ. ಎರಡು ಬದಿಯ ಏಟು ಇದು.

ಹಂಬಲದ ಬೇರು ಮಿದುಳಿನಲ್ಲಿದೆ ಎಂಬುದಕ್ಕೆ ಇನ್ನೊಂದು ವಿಸ್ಮಯಕರ ನಿದರ್ಶನವಿದೆ. ದಿನಕ್ಕೆ ನಲವತ್ತಕ್ಕೂ ಹೆಚ್ಚು ಸಿಗರೇಟು ಸೇದುತ್ತಿದ್ದ ಅಮೆರಿಕದ ಒಬ್ಬ ವ್ಯಕ್ತಿಗೆ 28ನೆಯ ವಯಸ್ಸಿನಲ್ಲಿ ಮಿದುಳಿನ ಆಘಾತವಾಯಿತು. ಅನಂತರ ಅವನಿಗೆ ಸಿಗರೇಟು ಬೇಕೆನಿಸಲೇ ಇಲ್ಲ. ಆ ಬಯಕೆಯನ್ನು ತನ್ನ ದೇಹವೇ ಮರೆತಿತೆಂದು ಅವನು ಹೇಳಿದ. ಘಾಸಿಗೊಂಡಿದ್ದುದು ದೇಹದ ಒಳಗಿನ ಅನುಭವಗಳನ್ನು ಗ್ರಹಿಸುವ 'ಇನ್ಸುಲ' ಎಂಬ ಭಾಗ. ನಾಸಿರ್ ನಕ್ವಿ ಮತ್ತು ಸಂಗಡಿಗರು ಮಿದುಳಿಗೆ ಪೆಟ್ಟಾಗಿದ್ದ 69 ಧೂಮಪಾನಿಗಳನ್ನು ಪರಿಶೀಲಿಸಿ 2007ರಲ್ಲಿ ಇದನ್ನು ವರದಿಮಾಡಿದರು. ಹಾಗೆಂದು ಚಟ ಬಿಡಲು ಯಾರೂ ಆಘಾತವನ್ನು ಬಯಸಬೇಕಾಗಿಲ್ಲ!

ತೊಟ್ಟಿಲಿನಿಂದ ಇಳಿದ ಮೇಲೆ

ಬಿಟ್ಟವರ ಗತಿಯೇನು? ಜೀವಮಾನವಿಡೀ ಚಡಪಡಿಕೆಯೇ? ಅಲ್ಲ. ಮೊದಲ ವಾರ ಕಠಿಣ; ಮೂರು ನಾಲ್ಕು ವಾರಗಳಲ್ಲಿ ಸಂಕಟ ಬಹುಮಟ್ಟಿಗೆ ಇಳಿಯುತ್ತದೆ. 26 ಅಧ್ಯಯನಗಳನ್ನು ಒಟ್ಟಾಗಿ ತೂಗಿನೋಡಿ 2014ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್' ಪ್ರಕಟಿಸಿದ ವಿಮರ್ಶೆಯಂತೆ, ಸಿಗರೇಟು ಬಿಟ್ಟವರಲ್ಲಿ ಆತಂಕ, ಖಿನ್ನತೆ, ಒತ್ತಡ ಮೂರೂ ತಗ್ಗಿದ್ದವು. ಚಿವುಟುವ ಕೈ ದೂರವಾದರೆ ತೊಟ್ಟಿಲು ತೂಗುವ ಅಗತ್ಯವೂ ಉಳಿಯುವುದಿಲ್ಲ.

ಆದುದರಿಂದ ಬಿಡಬಯಸುವವನು ಕಷ್ಟದ ದಿನಕ್ಕಾಗಿ ಮೊದಲೇ ಸಿದ್ಧನಾಗಿರಬೇಕು. ಹಂಬಲವೆಂಬುದು ಅಲೆಯಂತೆ; ಏರಿ, ಕೆಲವು ನಿಮಿಷಗಳಲ್ಲಿ ಇಳಿದುಹೋಗುತ್ತದೆ. ಆ ನಿಮಿಷಗಳನ್ನು ದಾಟಿಸಲು ಒಂದು ಲೋಟ ನೀರು, ನಾಲ್ಕು ಹೆಜ್ಜೆ ನಡಿಗೆ, ನಿಧಾನವಾದ ಉಸಿರು, ಸ್ನೇಹಿತನೊಡನೆ ಎರಡು ಮಾತು ಸಾಕಾಗಬಹುದು. ಸಾಲದಿದ್ದರೆ ವೈದ್ಯರ ಸಲಹೆಯಂತೆ ನಿಕೋಟಿನ್ ಗಮ್ ಮೊದಲಾದ ಚಿಕಿತ್ಸೆಗಳುಂಟು. ಭಾರತ ಸರ್ಕಾರದ 1800-11-2356 ಎಂಬ ಉಚಿತ ದೂರವಾಣಿಯಲ್ಲಿ ಸಲಹೆ ದೊರೆಯುತ್ತದೆ.

ಇನ್ನು ಮನೆಯವರ ಪಾಲು. ಆಸ್ಪತ್ರೆಯ ಮುಂದೆ ಎಡವಿದ ಗೃಹಸ್ಥರಿಗೆ ಅಂದು ಸೋತದ್ದು ಆರು ತಿಂಗಳ ಸಂಕಲ್ಪವಲ್ಲ, ದಣಿದ ಮಿದುಳಿನ ಒಂದು ಗಳಿಗೆ. ಎಡವಿದವನಿಗೆ ಛೀಮಾರಿ ಹಾಕಿದರೆ ಅದೂ ಒಂದು ಒತ್ತಡವೇ. ಅದು ಅವನನ್ನು ಮತ್ತೆ ಆ ಅಂಗಡಿಗೇ ಕಳುಹಿಸೀತು. "ಆರು ತಿಂಗಳು ಬಿಟ್ಟಿದ್ದಿರಲ್ಲ, ನಾಳೆಯಿಂದ ಮತ್ತೆ ನೋಡೋಣ" ಎಂಬ ಮಾತು ಅಂದು ಆ ಮನೆಯಲ್ಲಿ ಹುಟ್ಟಿದ್ದರೆ, ಆ ಒಂದು ಸಿಗರೇಟು ಬಹುಶಃ ಒಂದಾಗಿಯೇ ಉಳಿಯುತ್ತಿತ್ತು.