ಜೀವಕೋಶದ ಸುಣ್ಣವೂ ಗರ್ಭಕಂಠದ ಕ್ಯಾನ್ಸರೂ

ಕಳೆದ ಚಳಿಗಾಲದಲ್ಲಿ ಕಾಚಿಗೂಡದ ನಮ್ಮ ಕನ್ನಡ ಬಳಗದ ಹಿರಿಯ ಗೃಹಿಣಿಯೊಬ್ಬರು ಕ್ಯಾಲ್ಸಿಯಂ ಗುಳಿಗೆಯ ಸೀಸೆಯೊಂದನ್ನು ನನ್ನ ಮುಂದಿಟ್ಟು, “ಇದನ್ನು ನುಂಗಬಹುದೇ?” ಎಂದು ಕೇಳಿದರು. ಮೂಳೆ ಸವೆದಿದೆಯೆಂದು ವೈದ್ಯರು ಬರೆದುಕೊಟ್ಟಿದ್ದ ಗುಳಿಗೆ. ಗರ್ಭಕಂಠದ ಕ್ಯಾನ್ಸರಿನಲ್ಲಿ ಕ್ಯಾಲ್ಸಿಯಮ್ಮಿನ ಕೈವಾಡವಿದೆಯೆಂದು ಯಾರೋ ಓದಿ ಹೇಳಿದ್ದರಂತೆ. ಬೀದರಿನಲ್ಲಿದ್ದ ಅವರ ಅಕ್ಕ ಅದೇ ರೋಗದಿಂದ ತೀರಿಕೊಂಡಿದ್ದರು. ಆದುದರಿಂದ ಗುಳಿಗೆಯನ್ನೂ ಹಾಲನ್ನೂ ಬಿಟ್ಟು ಮೂರು ತಿಂಗಳಾಗಿತ್ತು.

ಕೈವಾಡವಿರುವುದು ನಿಜ, ಆದರೆ ಅದು ಹಾಲಿನ ಲೋಟದಿಂದ ಬಂದುದಲ್ಲ.

1883ರ ಸುಮಾರಿಗೆ ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿಟ್ಟು ಪರೀಕ್ಷಿಸುತ್ತಿದ್ದನು. ನಲ್ಲಿಯ ನೀರಿನಿಂದ ಮಾಡಿದ ದ್ರಾವಣದಲ್ಲಿ ಮಿಡಿಯುತ್ತಿದ್ದ ಹೃದಯವು ಬಟ್ಟಿಯಿಳಿಸಿದ ಶುದ್ಧ ನೀರಿನ ದ್ರಾವಣದಲ್ಲಿ ಬೇಗನೆ ನಿಂತುಹೋಯಿತು. ನಲ್ಲಿಯ ನೀರಿನಲ್ಲಿದ್ದ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಹೃದಯವನ್ನು ಆಡಿಸುತ್ತಿತ್ತು! ಎಲುಬಿನ ಗಾರೆಯಷ್ಟೇ ಎಂದುಕೊಂಡಿದ್ದ ವಸ್ತು ದೂತನೂ ಹೌದೆಂಬ ಅರಿವು ಹೀಗೆ ಮೊದಲಾಯಿತು.

ನಮ್ಮ ಪ್ರತಿಯೊಂದು ಜೀವಕೋಶವೂ ತನ್ನೊಳಗಿನ ಕ್ಯಾಲ್ಸಿಯಮ್ಮನ್ನು ಹೊರಗಿನದಕ್ಕಿಂತ ಸುಮಾರು 10,000 ಪಟ್ಟು ಕಡಿಮೆಯಾಗಿ ಇಟ್ಟುಕೊಂಡಿರುತ್ತದೆ. ಅಗತ್ಯ ಬಿದ್ದಾಗ ಕ್ಷಣಕಾಲ ಬಾಗಿಲು ತೆರೆಯುತ್ತದೆ. ಒಳನುಗ್ಗಿದ ಕ್ಯಾಲ್ಸಿಯಮ್ಮಿನ ಏರಿಳಿತವೇ ಸಂಕೇತ. ವಿಭಜಿಸು, ಚಲಿಸು, ಪಕ್ವವಾಗು, ಸಾಯು ಎಂಬ ಆಜ್ಞೆಗಳೆಲ್ಲ ಈ ದೂತನ ಮೂಲಕವೂ ಹೋಗುತ್ತವೆ. ಕೋಶದೊಳಗೊಂದು ಕ್ಯಾಲ್ಸಿಯಂ ಉಗ್ರಾಣವಿದೆ. ಅದು ಬರಿದಾದುದನ್ನು ಗುರುತಿಸುವ ಕಾವಲುಗಾರ ಸ್ಟಿಮ್-1 ಎಂಬ ಪ್ರೋಟೀನು. ಅದರ ಸನ್ನೆಗೆ ತೆರೆಯುವ ಹೊರಬಾಗಿಲು ಓರೈ-1.

2011ರಲ್ಲಿ ತೈವಾನಿನ ತೈನಾನ್ ನಗರದ ಸಂಶೋಧಕರು ಗರ್ಭಕಂಠದ ಕ್ಯಾನ್ಸರಿನ ಗೆಡ್ಡೆಗಳಲ್ಲಿ ಈ ಕಾವಲುಗಾರನ ಪ್ರಮಾಣವು ಪಕ್ಕದ ಆರೋಗ್ಯವಂತ ಅಂಗಾಂಶದಲ್ಲಿರುವುದಕ್ಕಿಂತ ಹೆಚ್ಚೆಂದು ತೋರಿಸಿದರು. ಬಾಗಿಲು ಅತಿಯಾಗಿ ತೆರೆದಾಗ ಕ್ಯಾನ್ಸರ್ ಕೋಶಗಳು ಹರಿದಾಡುವುದಕ್ಕೂ ಗೆಡ್ಡೆಗೆ ಹೊಸ ರಕ್ತನಾಳಗಳು ಕೂಡುವುದಕ್ಕೂ ಅನುಕೂಲವಾಗುತ್ತದೆ. ಇಲಿಗಳಲ್ಲಿ ಸ್ಟಿಮ್-1ನ್ನು ಅಡಗಿಸಿದಾಗ ಗೆಡ್ಡೆಯ ಬೆಳವಣಿಗೆ ಕುಗ್ಗಿತು. ಆದರೆ ಗರ್ಭಕಂಠದ ಕ್ಯಾನ್ಸರಿಗೆ ಈ ದಾರಿಯ ಔಷಧಿ ಇನ್ನೂ ರೋಗಿಯ ಕೈಗೆ ಬಂದಿಲ್ಲ.

ಕೆಟ್ಟಿರುವುದು ಕೋಶದ ಬಾಗಿಲು, ಊಟವಲ್ಲ. ರಕ್ತದ ಕ್ಯಾಲ್ಸಿಯಮ್ಮನ್ನು ಕುತ್ತಿಗೆಯ ಪುಟ್ಟ ಗ್ರಂಥಿಗಳು ಹದ್ದಿನಲ್ಲಿಡುತ್ತವೆ. (ಎಲೆಯಡಿಕೆಯ ಸುಣ್ಣದ ಮಾತು ಬೇರೆ, ಅಲ್ಲಿ ಅಡಿಕೆ, ತಂಬಾಕುಗಳಿಂದ ಬಾಯಿಯ ಕ್ಯಾನ್ಸರಿನ ಭಯವಿದೆ.) ರೋಗದ ಮೂಲವಾದರೋ ಮಾನವ ಪ್ಯಾಪಿಲೋಮಾ ವೈರಸ್. 1983ರಲ್ಲಿ ಅದರ 16ನೆಯ ಬಗೆಯನ್ನು ಗೆಡ್ಡೆಯಲ್ಲಿ ಗುರುತಿಸಿದ ಜರ್ಮನಿಯ ಹೆರಾಲ್ಡ್ ತ್ಸುರ್ ಹೌಸನ್ 2008ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ವೈರಸ್ಸು ತಗಲಿದವರಲ್ಲಿ ಬಹುಪಾಲು ಮಂದಿ ತಾವಾಗಿಯೇ ಅದರಿಂದ ಮುಕ್ತರಾಗುತ್ತಾರೆ. ಉಳಿದುಕೊಂಡವರಲ್ಲಿ ಅದು ಸದ್ದಿಲ್ಲದೆ ವರ್ಷಗಟ್ಟಲೆ ಕೆಲಸಮಾಡುತ್ತದೆ.

ಈ ಸದ್ದಿಲ್ಲದ ಕಾಲದಲ್ಲಿ ರೋಗವನ್ನು ಹಿಡಿಯಬಹುದೆಂದು ಜಗತ್ತಿಗೆ ತೋರಿಸಿದವರು ನಮ್ಮ ನೆರೆಯ ಹೆಣ್ಣುಮಕ್ಕಳೇ. ಬೀದರ, ಕಲಬುರಗಿಗಳಿಗೆ ಅಂಟಿಕೊಂಡಿರುವ, 1956ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿದ್ದ ಉಸ್ಮಾನಾಬಾದ್ (ಈಗ ಧಾರಾಶಿವ) ಜಿಲ್ಲೆಯಲ್ಲಿ 1999ರಲ್ಲಿ ಅಧ್ಯಯನವೊಂದು ಆರಂಭವಾಯಿತು. ಮುಂಬಯಿಯ ಟಾಟಾ ಸ್ಮಾರಕ ಕೇಂದ್ರ, ಬಾರ್ಶಿಯ ನರ್ಗಿಸ್ ದತ್ ಆಸ್ಪತ್ರೆ ಮೊದಲಾದವು ಸೇರಿ 30ರಿಂದ 59 ವಯಸ್ಸಿನ 1,31,746 ಸ್ತ್ರೀಯರನ್ನು ನಾಲ್ಕು ಗುಂಪುಗಳಾಗಿ ಮಾಡಿ ಗಮನಿಸಿದರು. 2009ರಲ್ಲಿ ಫಲಿತಾಂಶ ಪ್ರಕಟವಾಯಿತು. ಒಂದೇ ಒಂದು ಸಲದ ವೈರಸ್ ಪರೀಕ್ಷೆಗೆ ಸೇರಿಸಿದ ಗುಂಪಿನಲ್ಲಿ 34 ಮರಣಗಳು. ಹೆಚ್ಚುಕಡಿಮೆ ಅಷ್ಟೇ ದೊಡ್ಡದಾದ, ಪರೀಕ್ಷೆಯಿಲ್ಲದ ಗುಂಪಿನಲ್ಲಿ 64. ಪರೀಕ್ಷೆಯಲ್ಲಿ ವೈರಸ್ಸಿಲ್ಲವೆಂದು ತಿಳಿದವರಲ್ಲಿ ಆ 8 ವರ್ಷಗಳಲ್ಲಿ ಈ ರೋಗದಿಂದ ಒಬ್ಬರೂ ಸಾಯಲಿಲ್ಲ.

ಹೊಲಗೆಲಸದ ಆ ತಾಯಂದಿರು ಸಂಕೋಚವನ್ನು ಬದಿಗಿಟ್ಟು ಬಂದರು. ನಗರದಲ್ಲಿರುವ ನಾವು ಮಾತ್ರ ಏನೂ ಆಗಿಲ್ಲವಲ್ಲ ಎನ್ನುತ್ತೇವೆ. ಮುಟ್ಟು ನಿಂತ ಬಳಿಕದ ರಕ್ತಸ್ರಾವ, ಸಂಭೋಗಾನಂತರದ ರಕ್ತ, ದುರ್ವಾಸನೆಯ ಸ್ರಾವ ಕಂಡರಂತೂ ಒಂದು ದಿನವೂ ತಡಮಾಡಬಾರದು. ಕಾಣದಿದ್ದರೂ 30 ದಾಟಿದವರು ಪರೀಕ್ಷೆಗೆ ಹೋಗತಕ್ಕದ್ದು. 9ರಿಂದ 14 ವಯಸ್ಸಿನ ಹುಡುಗಿಯರಿಗೆ ಲಸಿಕೆಯುಂಟು. ಪುಣೆಯ ಸೀರಮ್ ಸಂಸ್ಥೆಯ ದೇಶೀಯ ಲಸಿಕೆಗೆ 2022ರಲ್ಲಿ ಅನುಮತಿ ದೊರೆಯಿತು.

ಆ ಗೃಹಿಣಿಗೆ, ವೈದ್ಯರನ್ನು ಕೇಳದೆ ಗುಳಿಗೆ ಬಿಡಬಾರದೆಂದು ಹೇಳಿ, “ಪರೀಕ್ಷೆ ಮಾಡಿಸಿಕೊಂಡಿದ್ದೀರಾ?” ಎಂದು ಕೇಳಿದೆ. ಅಕ್ಕ ತೀರಿಕೊಂಡು ಹನ್ನೊಂದು ವರ್ಷಗಳಾಗಿದ್ದರೂ ಅವರು ಒಮ್ಮೆಯೂ ಮಾಡಿಸಿಕೊಂಡಿರಲಿಲ್ಲ. ಮುಂದಿನ ಸೋಮವಾರ ಹಿರಿಯ ಸೊಸೆಯನ್ನೂ ಜೊತೆಗೆ ಕರೆದುಕೊಂಡು ಹೋಗಿಬಂದರು.