ಸುತ್ತಿಗೆಗಿಂತ ಮೊದಲು ಟೇಪು

ಕಬ್ಬಿನ ಹಂಗಾಮಿನಲ್ಲಿ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ರಸ್ತೆಗಳ ಮೇಲೆ ರಾತ್ರಿ ಕಾರು ಓಡಿಸಿದವರಿಗೆ ಗೊತ್ತು, ಎದುರಿಗಿನ ಕತ್ತಲೆ ಒಮ್ಮೆಲೇ ಟ್ರ್ಯಾಕ್ಟರಿನ ಟ್ರೇಲರ್ ಆಗಿಬಿಡುತ್ತದೆ. ಹಿಂದೆ ದೀಪ ಇರುವುದಿಲ್ಲ. ರಿಫ್ಲೆಕ್ಟರ್ ಇದ್ದರೂ ಅದರ ಮೇಲೆ ಮಣ್ಣು ಮೆತ್ತಿರುತ್ತದೆ. ಗುಹಾಗರದಿಂದ ಕರಾಡ, ವಿಟಾ ದಾಟಿ ಜತ್ತದ ಮೇಲೆ ಹಾದು ವಿಜಯಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಬ್ರೇಕ್ ಒತ್ತುವಷ್ಟರಲ್ಲಿ ಕಾರಿನ ಮೂತಿ ಟ್ರೇಲರಿನಡಿ ಸೇರಿರುತ್ತದೆ. ಮೂತಿ ತಗ್ಗಿರುವ ಸ್ಪೋರ್ಟ್ಸ್ ಕಾರಾದರಂತೂ ಕೇಳುವುದೇ ಬೇಡ.

ಈ ಸೀಮೆಯಲ್ಲಿ ಸ್ಪೋರ್ಟ್ಸ್ ಕಾರು ಅಪರೂಪ, ನಿಜ. ನಮ್ಮ ದೇಶದಲ್ಲಿ ತಯಾರಾದದ್ದೇ ಬೆರಳೆಣಿಕೆಯಷ್ಟು. 1982ರಲ್ಲಿ ಬೆಂಗಳೂರಿನ ಸಿಪಾನಿ ಆಟೋಮೊಬೈಲ್ಸ್ ಹೊರತಂದ ಡಾಲ್ಫಿನ್ ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರಿನ ಮರುರೂಪ: ಎರಡು ಬಾಗಿಲು, 848 ಸಿಸಿ ಎಂಜಿನ್, ಫೈಬರ್‌ಗ್ಲಾಸ್ ಮೈ. ಅದನ್ನು ಸ್ಪೋರ್ಟ್ಸ್ ಕಾರು ಎಂದು ಯಾರೂ ಮಾರಲಿಲ್ಲ, ಆದರೆ ಹಗುರವಾಗಿದ್ದರಿಂದ ರ‍್ಯಾಲಿಗಳಲ್ಲಿ ಹೆಸರು ಮಾಡಿತು. 1990ರ ದಶಕದ ಕೊನೆಗೆ ಗೋವಾದಲ್ಲಿ ತಯಾರಾದ ಸ್ಯಾನ್ ಸ್ಟಾರ್ಮ್ ಮಾತ್ರ ಹೆಸರಿಗೆ ತಕ್ಕ ಕಾರು. ಎರಡೇ ಸೀಟು, ಬಿಚ್ಚಿ ತೆಗೆಯುವ ಬಟ್ಟೆಯ ಮಾಡು. ಇವುಗಳ ಜೊತೆಗೆ ಪ್ರೀಮಿಯರ್ ಪದ್ಮಿನಿಯನ್ನೇ ಹುರಿಗೊಳಿಸಿ ಓಡಿಸಿದವರನ್ನೂ ಸೇರಿಸಿಕೊಳ್ಳೋಣ. ಇಂಥ ಗಾಡಿಗೆ ಬಿಡಿಭಾಗ ಸಿಗುವುದಿಲ್ಲ, ಕಂಪನಿಯ ಸರ್ವಿಸ್ ಸೆಂಟರ್ ಇಲ್ಲ. ಆದ್ದರಿಂದ ಮಾಲೀಕ ತಾನೇ ಸುತ್ತಿಗೆ ಹಿಡಿಯುತ್ತಾನೆ. ಹಿಡಿಯಲಿ, ತಪ್ಪಲ್ಲ. ಆದರೆ ಲೋಹಕ್ಕೆ ಏನಾಗಿದೆ ಎಂದು ತಿಳಿಯದೆ ಹೊಡೆದ ಮೊದಲ ಹತ್ತು ಪೆಟ್ಟು, ಅಪಘಾತಕ್ಕಿಂತ ಹೆಚ್ಚು ಕೆಡಿಸಬಲ್ಲವು.

ಮೊದಲು ಶಕ್ತಿಯ ಲೆಕ್ಕ. ಒಂದು ಟನ್ ತೂಕದ ಕಾರು ಗಂಟೆಗೆ 50 ಕಿ.ಮೀ. ವೇಗದಲ್ಲಿ ಓಡುವಾಗ ಅದರಲ್ಲಿ ಸುಮಾರು 96,000 ಜೂಲ್ ಚಲನಶಕ್ತಿ ಇರುತ್ತದೆ. ಅದೇ ಕಾರನ್ನು ಸುಮಾರು 10 ಮೀಟರ್ ಎತ್ತರದಿಂದ ಕೆಳಗೆ ಬಿಟ್ಟರೆ ನೆಲ ಮುಟ್ಟುವಾಗ ಇರುವಷ್ಟೇ ಶಕ್ತಿ ಅದು. ವೇಗ ದುಪ್ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಡಿಕ್ಕಿಯಾದಾಗ ಇಷ್ಟೂ ಶಕ್ತಿ ಎಲ್ಲೋ ಒಂದು ಕಡೆ ಖರ್ಚಾಗಲೇಬೇಕು. ಮೂತಿ ಅರ್ಧ ಮೀಟರ್ ಮಡಚಿಕೊಂಡು ಕಾರು ನಿಂತರೆ, ಒಳಗಿನವರ ಮೇಲೆ ಗುರುತ್ವದ ಸುಮಾರು 20 ಪಟ್ಟು ಎಳೆತ ಬೀಳುತ್ತದೆ. ಹತ್ತೇ ಸೆಂಟಿಮೀಟರಿನಲ್ಲಿ ನಿಂತರೆ ಸುಮಾರು 100 ಪಟ್ಟು. ಮೂತಿ ಜಜ್ಜಿಹೋದದ್ದಕ್ಕೆ ಅಳುವ ಮಾಲೀಕ, ಅದು ಜಜ್ಜಿಹೋದದ್ದರಿಂದಲೇ ತಾನು ಉಳಿದೆ ಎಂಬುದನ್ನು ಮರೆಯಬಾರದು.

ಹೀಗೆ ಬೇಕೆಂದೇ ಮಡಚಿಕೊಳ್ಳುವ ಮೂತಿಯ ಕಲ್ಪನೆ ಬೇಲಾ ಬಾರೆನ್ಯಿ ಎಂಬ ಎಂಜಿನಿಯರನದು. 1950ರ ದಶಕದ ಆರಂಭದಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿತು. 1959ರಲ್ಲಿ ಮರ್ಸಿಡಿಸ್ ಕಂಪನಿ ಅದನ್ನು ಕಾರಿಗೆ ಅಳವಡಿಸಿತು. ನಮ್ಮ ಹಳೆಯ ಗಾಡಿಗಳಿಗೆ ಇದರ ಗಾಳಿಯೂ ಸೋಕಿರಲಿಲ್ಲ. ಭಾರತದಲ್ಲಿ ಮುಂಭಾಗದ ಡಿಕ್ಕಿ ಪರೀಕ್ಷೆ ಹೊಸ ಮಾದರಿಯ ಕಾರುಗಳಿಗೆ ಕಡ್ಡಾಯವಾದದ್ದೇ 2017ರ ಅಕ್ಟೋಬರಿನಲ್ಲಿ. ಹಾಗಾಗಿ ಹಳೆಯ ಕಾರಿಗೆ ಬಿದ್ದ ಪೆಟ್ಟು ಮೂತಿಯಲ್ಲೇ ನಿಲ್ಲದೆ ಚಾಸಿಯುದ್ದಕ್ಕೂ ಹರಿದು ಹೋಗಿರಬಹುದು. ಬಾಗಿಲು ಮುಚ್ಚುವಾಗ ಉಜ್ಜುತ್ತಿದ್ದರೆ, ಮುಂದಿನ ಗಾಜಿನ ಕಂಬದ ಬುಡದಲ್ಲಿ ಬಣ್ಣ ಬಿರುಕು ಬಿಟ್ಟಿದ್ದರೆ ಅದೇ ಸುಳಿವು.

ಯಾವ ಎತ್ತರದಲ್ಲಿ ಪೆಟ್ಟು ಬಿತ್ತು ಎಂಬುದೂ ಮುಖ್ಯ. ಟ್ರೇಲರಿನ ಹಾಸು ಬಂಪರಿಗಿಂತ ಮೇಲಿರುತ್ತದೆ. ಅದರಡಿ ನುಗ್ಗಿದ ಕಾರಿನ ಬಾನೆಟ್, ರೇಡಿಯೇಟರ್, ದೀಪಗಳು ಪುಡಿಯಾಗಿ, ನೋಡಲು ಭಯವಾಗುತ್ತದೆ. ಆದರೆ ಕೆಳಗಿನ ಚಾಸಿ ನೆಟ್ಟಗೇ ಇರಬಹುದು. ಸೇತುವೆಯ ಕಟ್ಟೆಗೋ ಕಲ್ಲಿಗೋ ಬಂಪರ್ ಮಟ್ಟದಲ್ಲಿ ಹೊಡೆದರೆ ಇದರ ತಿರುಗುಮುರುಗು. ಹೊರಗೆ ಬಂಪರ್ ಸ್ವಲ್ಪ ಸೊಟ್ಟಗಾಗಿರುತ್ತದೆ ಅಷ್ಟೆ, ಒಳಗೆ ಚಾಸಿ ಬಾಗಿರುತ್ತದೆ. ಕಣ್ಣನ್ನು ನಂಬುವಂತಿಲ್ಲ. ಅಳೆಯಬೇಕು.

ಅಳೆಯಲು ದೊಡ್ಡ ಯಂತ್ರವೇನೂ ಬೇಡ. ಗೌಂಡಿಗಳು ಗೋಡೆಯ ನೇರ ನೋಡಲು ಇಳಿಬಿಡುವ ಗುಂಡು, ಒಂದು ಸ್ಟೀಲ್ ಟೇಪು, ಸೀಮೆಸುಣ್ಣ, ಸಮತಟ್ಟಾದ ಸಿಮೆಂಟ್ ನೆಲ ಸಾಕು. ಕಾರನ್ನು ನಾಲ್ಕು ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ, ಚಾಸಿಯ ಎಡ ಬಲಗಳಲ್ಲಿ ಕಂಪನಿಯವರೇ ಕೊರೆದಿರುವ ತೂತು, ಬೋಲ್ಟುಗಳಿಂದ ಗುಂಡು ಇಳಿಬಿಟ್ಟು ನೆಲದ ಮೇಲೆ ಗುರುತು ಹಾಕಬೇಕು. ಆಮೇಲೆ ಕಾರನ್ನು ಪಕ್ಕಕ್ಕೆ ಸರಿಸಿ, ಗುರುತುಗಳ ನಡುವೆ ಕರ್ಣಗಳನ್ನು ಅಳೆಯಬೇಕು. ಆಯತದ ಎರಡು ಕರ್ಣಗಳು ಸಮ, ಶಾಲೆಯಲ್ಲಿ ಕಲಿತದ್ದೇ. ಒಂದೂವರೆ ಮೀಟರ್ ಉದ್ದ, ಒಂದು ಮೀಟರ್ ಅಗಲದ ಚಾಸಿಭಾಗದಲ್ಲಿ ಮುಂದಿನ ಎರಡೂ ತುದಿಗಳು ಒಂದೇ ಕಡೆಗೆ 10 ಮಿ.ಮೀ. ಸರಿದಿದ್ದರೆ ಕರ್ಣಗಳ ನಡುವೆ ಸುಮಾರು 11 ಮಿ.ಮೀ. ವ್ಯತ್ಯಾಸ ಬರುತ್ತದೆ. ಟೇಪಿಗೆ ಅದು ದೊಡ್ಡ ಅಂತರ, ಕಣ್ಣಿಗೆ ಏನೂ ಅಲ್ಲ. ಆದರೆ ಕರ್ಣ ಸಮವಿದೆ ಎಂದು ಹಿಗ್ಗುವ ಮೊದಲು ಉದ್ದವನ್ನೂ ಅಳೆಯಿರಿ: ಎರಡೂ ಬದಿ ಸಮವಾಗಿ ಹಿಂದಕ್ಕೆ ಒತ್ತಿಹೋಗಿದ್ದರೆ ಕರ್ಣಗಳು ಸಮವಾಗಿಯೇ ಇದ್ದು, ಎರಡೂ ಗಿಡ್ಡವಾಗಿರುತ್ತವೆ. ಚೊಕ್ಕ ಕೆಲಸ ಮಾಡುವ ಗ್ಯಾರೇಜುಗಳು 3 ಮಿ.ಮೀ.ಗಿಂತ ಹೆಚ್ಚಿನ ವ್ಯತ್ಯಾಸವನ್ನು ಒಪ್ಪುವುದಿಲ್ಲ. ನೀವೂ ಒಪ್ಪಬೇಡಿ.

ಈಗ ಲೋಹಕ್ಕೆ ಬರೋಣ. ಉಕ್ಕಿನ ಪತ್ರೆಯನ್ನು ಸ್ವಲ್ಪ ಬಾಗಿಸಿ ಬಿಟ್ಟರೆ ಅದು ತಾನೇ ಮೊದಲಿನಂತಾಗುತ್ತದೆ. ಆದರೆ ಈ ಔದಾರ್ಯಕ್ಕೆ ಮಿತಿ ಇದೆ. ಮೆತ್ತನೆಯ ಉಕ್ಕನ್ನು ಮೀಟರಿಗೆ ಸುಮಾರು ಒಂದು ಮಿಲಿಮೀಟರ್ ಎಳೆಯುವವರೆಗೆ ಮಾತ್ರ ಅದು ಮರಳಿ ಬರುತ್ತದೆ. ಅದರಾಚೆಗೆ ಹೋದರೆ ಕಾಯಂ ಬಾಗುತ್ತದೆ. ಬಾಗುವುದೆಂದರೆ ಅಣುಗಳ ಸಾಲಿಗೆ ಸಾಲೇ ಒಟ್ಟಿಗೆ ಜಾರುವುದಲ್ಲ. ಹಾಸಿದ ಜಮಖಾನೆಯನ್ನು ಒಂದು ತುದಿಯಿಂದ ಎಳೆದರೆ ಅಲುಗದು, ಆದರೆ ಅದರಲ್ಲೊಂದು ಸುಕ್ಕು ಎಬ್ಬಿಸಿ ಆ ಸುಕ್ಕನ್ನು ತಳ್ಳುತ್ತ ಹೋದರೆ ಜಮಖಾನೆಯೇ ಸರಿಯುತ್ತದೆ. ಉಕ್ಕಿನ ಹರಳುಗಳೊಳಗೂ ಇಂಥ ದೋಷಗಳ ಸಾಲುಗಳು ಚಲಿಸುತ್ತವೆ ಎಂದು 1934ರಲ್ಲಿ ಟೇಲರ್, ಒರೊವನ್, ಪೊಲಾನ್ಯಿ ಎಂಬ ಮೂವರು ಬೇರೆ ಬೇರೆಯಾಗಿ ಪ್ರತಿಪಾದಿಸಿದರು. ಬಾಗಿದಷ್ಟೂ ಈ ದೋಷಗಳು ಹೆಚ್ಚಿ, ಒಂದಕ್ಕೊಂದು ಸಿಕ್ಕಿಕೊಂಡು ಚಲನೆ ನಿಲ್ಲುತ್ತದೆ. ಬಾಗಿದ ಜಾಗವೇ ಗಟ್ಟಿಯಾಗುತ್ತದೆ. ಕಟ್ಟಡಕ್ಕೆ ಸಳಿ ಕಟ್ಟುವ ತಂತಿಯನ್ನು ಹಿಂದೆ ಮುಂದೆ ನಾಲ್ಕಾರು ಸಲ ಬಾಗಿಸಿದರೆ ಮೊದಲು ಬಿಗಿಯಾಗಿ, ಆಮೇಲೆ ಪಟ್ಟನೆ ತುಂಡಾಗುವುದು ಇದೇ ಕಾರಣಕ್ಕೆ.

ಫೆಂಡರಿನ ಮಡಿಕೆಗೆ ಇದರ ಅರ್ಥ ಬಹಳ ನೇರ. ಇಡೀ ಪತ್ರೆಯಲ್ಲಿ ಅತಿ ಗಟ್ಟಿಯಾದ ಜಾಗವೆಂದರೆ ಆ ಮಡಿಕೆಯ ಗೆರೆ. ಹಿಂದಿನಿಂದ ನೇರವಾಗಿ ಸುತ್ತಿಗೆ ಬೀಸಿದರೆ ಮಡಿಕೆ ಬಿಚ್ಚುವುದಿಲ್ಲ. ಅದರ ಎರಡೂ ಮಗ್ಗುಲಿನ ಮೆತ್ತನೆಯ ಪತ್ರೆ ಬಾಗಿ, ಒಂದು ಮಡಿಕೆಯ ಜಾಗದಲ್ಲಿ ಮೂರಾಗುತ್ತವೆ. ಅದಕ್ಕೇ ಅನುಭವಿ ಡೆಂಟರುಗಳು ಮೊದಲು ಎಳೆಯುತ್ತಾರೆ, ಆಮೇಲೆ ಬಡಿಯುತ್ತಾರೆ. ಪೆಟ್ಟು ಬಂದ ದಿಕ್ಕಿಗೆ ವಿರುದ್ಧವಾಗಿ ಚೈನ್ ಕಟ್ಟಿ ನಿಧಾನವಾಗಿ ಎಳೆಯುವುದು, ಎಳೆತ ಬಿಗಿಯಾಗಿದ್ದಾಗಲೇ ಮಡಿಕೆಯ ಸುತ್ತ ಸಣ್ಣ ಸಣ್ಣ ಪೆಟ್ಟು ಕೊಡುವುದು. ಕೊನೆಗೆ ಬಾಗಿದ್ದನ್ನು ಮೊದಲು ಬಿಚ್ಚುವುದು, ಮೊದಲು ಬಾಗಿದ್ದನ್ನು ಕೊನೆಗೆ. ಪತ್ರೆ ಸ್ವಲ್ಪ ಮರಳಿ ಚಿಮ್ಮುವುದರಿಂದ ಬೇಕಾದ ಅಳತೆಗಿಂತ ಕೂದಲೆಳೆ ಮುಂದೆ ಎಳೆಯಬೇಕು. ಎಳೆಯುವಾಗ ಚೈನಿನ ನೇರಕ್ಕೆ ಯಾರೂ ನಿಲ್ಲಕೂಡದು. ಕೊಂಡಿ ಕಳಚಿದರೆ ಕಾಲೇ ಹೋದೀತು.

ಪೆಟ್ಟು ತಿಂದ ಪತ್ರೆ ಹಿಗ್ಗಿಯೂ ಇರುತ್ತದೆ. ಒತ್ತಿದರೆ ಡಬ್ಬದ ಮುಚ್ಚಳದ ಹಾಗೆ ಟಕ್ ಎಂದು ಒಳಗೆ ಹೋಗಿ, ಬಿಟ್ಟರೆ ಹೊರಗೆ ಬರುತ್ತದೆ. ಅದನ್ನು ಕುಗ್ಗಿಸಲು ಕಾಯಿಸಬೇಕು. ವಿಚಿತ್ರವೆನಿಸುತ್ತದೆ, ಕಾಯಿಸಿದರೆ ಲೋಹ ಹಿಗ್ಗಬೇಕಲ್ಲವೆ? ಹಿಗ್ಗಲು ಹೊರಡುತ್ತದೆ, ನಿಜ. ಗ್ಯಾಸ್ ಟಾರ್ಚಿನಿಂದ 20 ಮಿ.ಮೀ. ಅಗಲದ ಒಂದು ಚುಕ್ಕೆಯನ್ನು ಮಾತ್ರ ಕೆಂಪಗಾಗುವಂತೆ ಕಾಯಿಸಿದರೆ ಅದು ಸುಮಾರು 0.2 ಮಿ.ಮೀ. ಅಗಲವಾಗಬೇಕು. ಆದರೆ ಸುತ್ತಲಿನ ತಣ್ಣನೆಯ ಗಟ್ಟಿ ಪತ್ರೆ ಜಾಗ ಬಿಡುವುದಿಲ್ಲ. ಕಾದ ಭಾಗ ಮೆತ್ತಗಾಗಿರುವುದರಿಂದ ಅಗಲಕ್ಕೆ ಹೋಗಲಾರದೆ ದಪ್ಪಕ್ಕೆ ಹೋಗುತ್ತದೆ. ಆರುವಾಗ ಎಂದಿನಂತೆ ಕುಗ್ಗುತ್ತದೆ, ಈಗ ಸುತ್ತಲಿನ ಪತ್ರೆಯನ್ನೂ ತನ್ನ ಕಡೆ ಎಳೆದುಕೊಳ್ಳುತ್ತದೆ. ಟಕ್ ಟಕ್ ನಿಲ್ಲುತ್ತದೆ. ಇಡೀ ಟಿಂಕರಿಂಗ್ ವಿದ್ಯೆಯಲ್ಲಿ ನನಗೆ ಅತಿ ಸೊಗಸಾಗಿ ಕಾಣುವುದು ಇದೇ. ಯಾವ ಪಠ್ಯಪುಸ್ತಕವನ್ನೂ ಓದದ ಡೆಂಟರು ಇದನ್ನು ಪ್ರತಿದಿನ ಮಾಡುತ್ತಾನೆ. ಆದರೆ ಈ ವಿದ್ಯೆ ಹಳೆಯ ಮೆತ್ತನೆಯ ಉಕ್ಕಿನ ಹೊರಮೈಗೆ ಮಾತ್ರ. ಈಗಿನ ಕಾರುಗಳ ಅತಿಬಲದ ಉಕ್ಕನ್ನು ಹೀಗೆ ಕಾಯಿಸಿದರೆ ಅದರ ಬಲವೇ ಹೋಗುತ್ತದೆ. ಚಾಸಿಗಂತೂ ಟಾರ್ಚ್ ತೋರಿಸಲೇಬಾರದು.

ಎರಕದ ಭಾಗಗಳ ವಿಷಯ ಬೇರೆ. ಇದೇ ಸಾಂಗ್ಲಿ ಜಿಲ್ಲೆಯ ಕಿರ್ಲೋಸ್ಕರವಾಡಿಯಲ್ಲಿ, ಬೆಳಗಾವಿ ಸೀಮೆಯಿಂದ ಹೋದ ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ಕಬ್ಬಿಣದ ನೇಗಿಲಿನ ಕಾರ್ಖಾನೆ ಕಟ್ಟಿದರು. ಎರಕದ ಕಬ್ಬಿಣ ಬಾಗುವುದಿಲ್ಲ, ಒಡೆಯುತ್ತದೆ ಎಂಬುದು ಈ ಭಾಗದ ರೈತರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ. ಎಂಜಿನ್ನಿನ ಕಾಲು, ಸ್ಟೇರಿಂಗ್ ಬಾಕ್ಸಿನ ಕವಚ, ನೀರಿನ ಪಂಪು, ಇವು ಎರಕದವು. ಬಿರುಕು ಕಂಡರೆ ಬದಲಿಸಿ. ಸೀಮೆಎಣ್ಣೆ ಸವರಿ, ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಹಚ್ಚಿದರೆ ಕೂದಲಿನಂಥ ಬಿರುಕಿನೊಳಗಿನ ಎಣ್ಣೆ ಹೊರಗೆ ಜಿನುಗಿ ಗೆರೆ ಮೂಡಿಸುತ್ತದೆ.

ಡಾಲ್ಫಿನ್, ಸ್ಟಾರ್ಮ್‌ಗಳ ಫೈಬರ್ ಮೈಗೆ ಸುತ್ತಿಗೆಯ ಕೆಲಸವೇ ಇಲ್ಲ. ಅದೂ ಬಾಗದು, ಎಳೆಗಳು ಹರಿದು ಚೂರಾಗುತ್ತದೆ. ಚೂರುಗಳನ್ನು ಎಸೆಯದೆ ಆರಿಸಿಟ್ಟುಕೊಳ್ಳಿ; ಜೋಡಿಸಿ ಹಿಡಿದರೆ ಮೂಲ ಆಕಾರ ಸಿಗುತ್ತದೆ. ಬಿರುಕಿನ ಅಂಚನ್ನು ಒಳಗಡೆಯಿಂದ ಇಳಿಜಾರಾಗಿ ಉಜ್ಜಬೇಕು. 3 ಮಿ.ಮೀ. ದಪ್ಪಕ್ಕೆ ಮೂರು ನಾಲ್ಕು ಸೆಂಟಿಮೀಟರ್ ಉದ್ದದ ಇಳಿಜಾರು ಇದ್ದರೆ ಫೈಬರ್ ಬಟ್ಟೆಗೆ ರೆಸಿನ್ ಹಚ್ಚಿ ಕೂರಿಸುವ ಹೊಸ ಪದರ ಹಳೆಯದನ್ನು ಸಾಕಷ್ಟು ಅಗಲಕ್ಕೆ ಹಿಡಿದುಕೊಳ್ಳುತ್ತದೆ. ಬಿರುಕಿನ ಮೇಲೆ ಬರೀ ಪುಟ್ಟಿ ತುಂಬಿದರೆ ಆರು ತಿಂಗಳಲ್ಲಿ ಅದೇ ಗೆರೆ ಮರಳಿ ಮೇಲೆ ಬರುತ್ತದೆ. ರೆಸಿನ್ ಗಟ್ಟಿಯಾಗುವುದು ರಾಸಾಯನಿಕ ಕ್ರಿಯೆಯಿಂದ. ಅದು ಬಿಸಿ ಹುಟ್ಟಿಸುತ್ತದೆ, ಬಿಸಿ ಕ್ರಿಯೆಯನ್ನು ಇನ್ನಷ್ಟು ಜೋರು ಮಾಡುತ್ತದೆ. ಜತ್ತದ ಏಪ್ರಿಲ್ ಬಿಸಿಲಿನಲ್ಲಿ ಒಂದು ಲೋಟ ರೆಸಿನ್ ಕಲಸಿ ಚಹಾ ಕುಡಿದು ಬರುವಷ್ಟರಲ್ಲಿ ಲೋಟವೇ ಹೊಗೆಯಾಡುತ್ತಿರುತ್ತದೆ. ಬೆಳಗಿನ ತಂಪಿನಲ್ಲಿ, ಸ್ವಲ್ಪ ಸ್ವಲ್ಪವೇ ಕಲಸಿ. ರೆಸಿನ್ ಗಟ್ಟಿಯಾಗಲು ಸೇರಿಸುವ ಹಾರ್ಡನರನ್ನೂ ಕೋಬಾಲ್ಟ್ ದ್ರಾವಣವನ್ನೂ ನೇರವಾಗಿ ಒಂದಕ್ಕೊಂದು ಬೆರೆಸಲೇಬೇಡಿ, ಸ್ಫೋಟವಾಗುತ್ತದೆ. ಇನ್ನೊಂದು ಮಾತು: ಡಾಲ್ಫಿನ್ನಿನ ಫೈಬರ್ ಮೈಯಡಿ ಉಕ್ಕಿನ ಚಾಸಿ ಬೇರೆಯೇ ಇದೆ. ಮೈ ಹೊಸದರಂತೆ ಹೊಳೆಯುತ್ತಿದ್ದರೂ ಚಾಸಿ ಸೊಟ್ಟಗಿರಬಹುದು. ಮತ್ತೆ ಟೇಪು.

ಹಳೆಯ ಗಾಡಿಯ ತಾಮ್ರ-ಹಿತ್ತಾಳೆಯ ರೇಡಿಯೇಟರನ್ನು ಬೆಸುಗೆ ಹಾಕಿ ಉಳಿಸಬಹುದು. ಸೀಸ-ತವರದ ಬೆಸುಗೆ 183 ಡಿಗ್ರಿಗೇ ಕರಗುತ್ತದೆ. ಪ್ಲಾಸ್ಟಿಕ್ ಟ್ಯಾಂಕಿನ ಅಲ್ಯೂಮಿನಿಯಂ ರೇಡಿಯೇಟರಿಗೆ ಈ ಯೋಗವಿಲ್ಲ. ಬರದ ತಾಲ್ಲೂಕು, ತುಕ್ಕಿನ ಭಯವಿಲ್ಲ ಎಂದುಕೊಳ್ಳಬೇಡಿ. ಬಡಿದ ಪತ್ರೆಯ ಹಿಂಬದಿಗೆ ಬಣ್ಣ ತಲುಪಿರುವುದಿಲ್ಲ, ಒಂದೇ ಮಳೆಗಾಲ ಸಾಕು. ಒಳಬದಿಗೂ ಪ್ರೈಮರ್ ಹೊಡೆಯಿರಿ. ಹಾರ್ಡನರ್ ಬೆರೆಸುವ ಈಗಿನ ಕಾರು ಬಣ್ಣಗಳಲ್ಲಿ ಐಸೊಸಯನೇಟ್ ಇರುತ್ತದೆ. ಅದು ಶಾಶ್ವತ ಉಬ್ಬಸ ತರಬಲ್ಲದು. ಮುಖಕ್ಕೆ ಟವೆಲ್ ಸುತ್ತಿಕೊಂಡರೆ ಅದನ್ನು ತಡೆಯಲಾಗದು. ಬಣ್ಣದ ಕೆಲಸವನ್ನು ಗಾಳಿ ಪೂರೈಸುವ ಮುಖವಾಡ ಇರುವವರಿಗೇ ಕೊಡುವುದು ಒಳ್ಳೆಯದು.

ಹೊರಮೈ, ದೀಪ, ರೇಡಿಯೇಟರ್, ಬಾನೆಟ್ಟಿನ ಕೊಂಡಿ, ಇವನ್ನೆಲ್ಲ ಮನೆಯಲ್ಲಿ ಮಾಡಬಹುದು, ಮಾಡಬೇಕು. ಕರ್ಣದ ಲೆಕ್ಕ ತಪ್ಪಿದರೆ ಅಲ್ಲಿಗೆ ನಿಲ್ಲಿಸಿ, ಚಾಸಿಯನ್ನು ಬಿಗಿಹಿಡಿದು ಎಳೆಯುವ ಬೆಂಚ್ ಇರುವ ಗ್ಯಾರೇಜಿಗೆ ಗಾಡಿ ಕಳಿಸಿ. ಅದು ಸಾಂಗ್ಲಿಯಾಗಲಿ, ವಿಜಯಪುರವಾಗಲಿ. ಕಾನೂನಿನ ಮಾತೂ ಇದೆ: 2021ರ ನಿಯಮದಂತೆ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಸಿಗಬೇಕಾದರೆ ಚಾಸಿಯಲ್ಲೂ ಮೈಯಲ್ಲೂ ದೊಡ್ಡ ಮಾರ್ಪಾಡು ಆಗಿರಬಾರದು. ಚಾಸಿ ನಂಬರು ಕೊರೆದ ಜಾಗವನ್ನು ಕತ್ತರಿಸಿ ಬೆಸೆದರೆ ಗಾಡಿಯ ಗುರುತೇ ಹೋಗುತ್ತದೆ. ಮತ್ತೆ, ಡಿಕ್ಕಿಯಲ್ಲಿ ಒಮ್ಮೆ ಬಿಗಿದ ಸೀಟ್ ಬೆಲ್ಟಿನ ಎಳೆಗಳು ಹಿಗ್ಗಿಹೋಗಿರುತ್ತವೆ, ಎರಡನೆಯ ಸಲ ಅವು ನಿಮ್ಮನ್ನು ಹಿಡಿಯುವ ಭರವಸೆ ಇಲ್ಲ. ಗಾಡಿಗೆ ಎಷ್ಟೇ ಖರ್ಚಾಗಿರಲಿ, ಬೆಲ್ಟ್ ಮಾತ್ರ ಹೊಸದೇ ಹಾಕಿಸಿ.